ಒಡ್ಡು ಒಡೆದಾಗ ಯಾರ ಮಾತು?

ನಮ್ಮ ಬಿಲ್ಡಿಂಗಿನ ಮೆಟ್ಟಿಲ ಬಾಗಿಲಿಗೆ ಯಾವ ಬಣ್ಣ ಹೊಡೆಸಬೇಕು ಅಂತ ತಿಂಗಳುಗಟ್ಟಲೆ ಮೀಟಿಂಗ್ ನಡೀತಿದೆ. ಇಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಎಲ್ಲರೂ ಮಾತಾಡಬೇಕು, ಎಲ್ಲರೂ ಒಪ್ಪಬೇಕು. ಮೊನ್ನೆ ನನಗೆ ತಡೆಯಲಾಗಲಿಲ್ಲ. ನಮ್ಮೂರಲ್ಲಾದರೆ ಯಜಮಾನರೊಬ್ಬರು ಹೂಂ ಅಂದರೆ ಮುಗೀತು, ಸಂಜೆಗೆ ಪೇಂಟರ್ ಏಣಿ ಹಾಕಿರುತ್ತಾನೆ ಎಂದೆ. ಪಕ್ಕದ ಮನೆಯ ಅಜ್ಜಿ ನಕ್ಕರು. "ಬಣ್ಣಕ್ಕೇನು ಅವಸರ? ನೀರು ಬಂದರೆ ನಿನ್ನನ್ನು ಯಾರೂ ಕೇಳೋದಿಲ್ಲ ಬಿಡು."

ಅವರು ಹೇಳಿದ್ದು 1953ರ ಫೆಬ್ರವರಿ 1ರ ಕಥೆ. ರಾತ್ರಿ ಬಿರುಗಾಳಿಗೆ ಸಮುದ್ರ ಉಕ್ಕಿ ಈ ದೇಶದಲ್ಲಿ 1,836 ಜನ ಸತ್ತರು. ರಾಟರ್‌ಡ್ಯಾಂ ಹತ್ತಿರದ ನ್ಯೂವರ್‌ಕೆರ್ಕ್‌ನಲ್ಲಿ ನದಿಯ ಒಡ್ಡು ಬಾಯಿಬಿಟ್ಟಿತು. ಅಲ್ಲಿ ನೆಲವೇ ಸಮುದ್ರಕ್ಕಿಂತ ಕೆಳಗೆ, ಒಂದು ಕಡೆಯಂತೂ 6.76 ಮೀಟರ್! ಊರಿನ ಮೇಯರ್ ಫೊಗೆಲಾರ್ ಯಾವ ಮೀಟಿಂಗೂ ಕರೆಯಲಿಲ್ಲ. ಅರೀ ಎವೆಗ್ರೂನ್ ಎಂಬ ದೋಣಿಯವನಿಗೆ, ನಿನ್ನ ಹಡಗನ್ನೇ ಒಯ್ದು ಆ ತೂತಿಗೆ ಅಡ್ಡ ಹಾಕು ಅಂತ ಹುಕುಂ ಮಾಡಿದರು. ಹಡಗು ಹೋಗಿ ಬಾಗಿಲ ಹಾಗೆ ಕೂತಿತು, ಒಡ್ಡಿನ ಹಿಂದಿದ್ದ ಊರುಗಳು ಉಳಿದವು. ಈಗ ಅಲ್ಲಿ ಅದರ ನೆನಪಿಗೆ ಒಂದು ಶಿಲ್ಪ ಇದೆ.

ಆದರೆ ಅದೇ ಒಡ್ಡುಗಳನ್ನು ದಿನಾ ನೋಡಿಕೊಳ್ಳುವುದು ಹುಕುಂನಿಂದ ಅಲ್ಲ. ಅದಕ್ಕೆ ಚುನಾಯಿತ ನೀರಿನ ಮಂಡಳಿಗಳಿವೆ, ದೇಶಕ್ಕೆಲ್ಲ 21. ಅಲ್ಲಿ ರೈತನೂ ಮಾತಾಡುತ್ತಾನೆ, ಪೇಟೆಯವನೂ ಮಾತಾಡುತ್ತಾನೆ, ಎಲ್ಲರ ಮಾತೂ ಮುಗಿಯುವ ಹೊತ್ತಿಗೆ ಕಾಫಿ ಆರಿರುತ್ತದೆ. ನಾನು ಇಷ್ಟು ದಿನ ಇದನ್ನು ಬರೀ ಕಾಲಹರಣ ಅಂದುಕೊಂಡಿದ್ದೆ.

ತುಮಕೂರು ಕಡೆಯ ನಮ್ಮೂರಲ್ಲಿ ಒಂದು ಮಳೆಗಾಲ ಕೆರೆ ತುಂಬಿ ಏರಿ ಜಿನುಗತೊಡಗಿತ್ತು. ಅಪ್ಪ ಕಣ್ಣಾರೆ ಕಂಡಿದ್ದು ಇದು. ಅವತ್ತು ಊರಿಗೆ ದೊಡ್ಡವನು ನೀರುಗಂಟಿ, ಅಂದರೆ ಕೆರೆ ನೀರು ನೋಡಿಕೊಳ್ಳುವವನು. ಬೇರೆ ದಿನ ಗೌಡರ ಜಗಲಿ ಹತ್ತದವನು, ಅವತ್ತು ಗೌಡರ ಮಗನಿಗೇ "ಆ ಮರಳಿನ ಚೀಲ ಎತ್ತೋ" ಅಂತ ಗದರಿದನಂತೆ. ಯಾವ ಕಡೆ ಮಣ್ಣು ಸಡಿಲ, ಕೋಡಿಗೆ ಅಡ್ಡ ಬಿದ್ದ ಕಸ ಎಲ್ಲಿ ತೆಗೀಬೇಕು, ಎಲ್ಲ ಅವನಿಗೇ ಗೊತ್ತು. ಗೌಡರೂ ಬಾಯಿ ಮುಚ್ಚಿಕೊಂಡು ಕೇಳಿದರು. ಕೆರೆ ಉಳೀತು.

ನೀರು ಇಳಿದ ಮೇಲೆ ಅವನು ಮತ್ತೆ ಜಗಲಿಯ ಕೆಳಗೇ ನಿಂತ. ಇದು ನನಗೆ ಜಾಸ್ತಿ ಚುಚ್ಚುತ್ತದೆ. ನಮ್ಮಲ್ಲಿ ಹುಕುಂ ಮಾಡುವವರಿಗೆ ಏರಿ ಒಡೆಯಬೇಕು ಅಂತೇನಿಲ್ಲ, ಮದುವೆ ಊಟದಿಂದ ಆಫೀಸಿನ ರಜದ ತನಕ ಎಲ್ಲವೂ ತುರ್ತೇ, ಅಲ್ವಾ? ಸಾವಧಾನವಾಗಿ ಕೂತು ಗೊತ್ತಿರುವವನನ್ನು ಕೇಳಬೇಕಾದ ಹೊತ್ತಲ್ಲಿ ಮಾತ್ರ ಯಾರೂ ಕೇಳುವುದಿಲ್ಲ. ಬೇಸಿಗೆಯಲ್ಲಿ ತೂಬು ರಿಪೇರಿಗೆ ಪಂಚಾಯ್ತಿ ಸೇರಿದಾಗಲೂ ನೀರುಗಂಟಿಯನ್ನು ಕರೆಯಲಿಲ್ಲವಂತೆ. ಗೌಡರೇ ಜಾಗ ತೋರಿಸಿ ಕಲ್ಲು ಕಟ್ಟಿಸಿದರು. ಮುಂದಿನ ಮಳೆಗೆ ಆ ಕಲ್ಲು ಜಾಗ ಬಿಟ್ಟು ಸರಿಯಿತು.