ಮೂವರು ವಕೀಲರು, ಒಂದು ಶನಿವಾರ

ಆ ಶನಿವಾರ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಿಂದ ಹೊರಟಾಗ ಅಣ್ಣನ ಕೈಯಲ್ಲಿ ಒಂದು ಎಕ್ಸ್‌ರೇ ಕವರ್ ಇತ್ತು. ತಮ್ಮನ ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜ್. ಯಾದಗಿರಿ ಕಡೆಯ ಹುಡುಗ, ವಯಸ್ಸು 30, ತಿಂಗಳಿಗೆ 16,500 ರೂಪಾಯಿ ಸಂಬಳ. ಪವರ್ ಪ್ರೆಸ್ಸಿನ ಡೈಯಲ್ಲಿ, ಅಂದರೆ ಅಚ್ಚಿನಲ್ಲಿ, ಸಿಕ್ಕಿಕೊಂಡ ಪೀಸನ್ನು ಕೈಯಿಂದ ತೆಗೆಯುವಾಗ ಮೇಲಿಂದ ಬಂದು ಒತ್ತುವ ರಾಮ್ ಎಂಬ ಭಾಗ ಎರಡನೇ ಸಲ ಇಳಿದಿತ್ತು. ಕ್ಲಚ್ಚಿನ ಕೀ ಸವೆದರೆ ಹೀಗಾಗುತ್ತದೆ, ಪೆಡಲ್ ಒತ್ತದೆಯೂ ಇನ್ನೊಂದು ಸ್ಟ್ರೋಕ್ ಬೀಳುತ್ತದೆ. ತೋರುಬೆರಳು, ನಡುಬೆರಳು ಎರಡೂ ಬುಡದಿಂದ ಹೋದವು. ಇದು 2024ರ ಮಾತು.

ಆಸ್ಪತ್ರೆಯ ಬಾಗಿಲಲ್ಲೇ ಒಬ್ಬ ಏಜೆಂಟ್ ವಕೀಲರ ಕಾರ್ಡ್ ಕೊಟ್ಟುಹೋಗಿದ್ದ. ಆ ಕಾರ್ಡಿನ ಜೊತೆಗೆ ಇನ್ನೂ ಇಬ್ಬರ ವಿಳಾಸವನ್ನು ನಾವು ಸೇರಿಸಿದೆವು. ಒಬ್ಬರನ್ನೇ ನೋಡಿ ವಕಾಲತ್ತಿಗೆ, ಅಂದರೆ ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕಬಾರದು, ಮೂವರ ಮುಂದೆ ಅದೇ ಕಾಗದಗಳನ್ನು ಇಟ್ಟು ಅವರು ಮೊದಲು ಏನು ಕೇಳುತ್ತಾರೆ ಎಂಬುದನ್ನು ಗಮನಿಸಬೇಕು ಎಂದು ಅಣ್ಣನಿಗೆ ಹೇಳಿದ್ದೆವು. ಗಾಯಾಳುವಿನ ಕಡೆಯವರು ಮೊದಲು ಕೇಳುವುದು "ಎಷ್ಟು ಬರುತ್ತೆ" ಅಂತ. ಅದು ಸಹಜ. ಆದರೆ ವಕೀಲರ ಮೊದಲ ಮಾತೂ ಅದೇ ಆದರೆ ಅಲ್ಲಿಂದ ಎದ್ದು ಬರುವುದು ಮೇಲು.

ಮೊದಲ ಕಚೇರಿಯಲ್ಲಿ ವಕೀಲರು ಮಾತಾಡಿದ್ದೇ ಕಡಿಮೆ, ಎಲ್ಲ ಗುಮಾಸ್ತನೇ. ಎಕ್ಸ್‌ರೇ ಕವರ್ ಬಿಚ್ಚಲೂ ಇಲ್ಲ. "ಹದಿನೈದು ಲಕ್ಷಕ್ಕೆ ಹಾಕೋಣ. ನೋವು-ಸಂಕಟಕ್ಕೆ ಬೇರೆ, ಭವಿಷ್ಯದ ಆದಾಯಕ್ಕೆ ಬೇರೆ. ನಮಗೆ ಮೂವತ್ತು ಪರ್ಸೆಂಟ್, ಕೈಯಿಂದ ಈಗ ಏನೂ ಕೊಡೋದು ಬೇಡ" ಅಂದ. ಆಮೇಲೆ ಎರಡು ಖಾಲಿ ವಕಾಲತ್ತು ಹಾಳೆ, ಒಂದು ಖಾಲಿ ಚೆಕ್ ಕೇಳಿದ.

ಇಲ್ಲಿ ಮೂರು ತಪ್ಪುಗಳಿದ್ದವು. ನೋವು-ಸಂಕಟ ಎಂಬ ಬಾಬತ್ತು ಇರುವುದು ಮೋಟಾರು ಅಪಘಾತದ ಕೇಸಿನಲ್ಲಿ. ಕೆಲಸದಲ್ಲಿ ಗಾಯವಾದವರಿಗೆ ಆಗ ಇದ್ದ ನೌಕರರ ಪರಿಹಾರ ಕಾಯ್ದೆ, 1923ರಲ್ಲಿ ಅದಿಲ್ಲ, ಅಲ್ಲಿರುವುದು ಸೂತ್ರ. ಹಾಗಾಗಿ ನೋವಿಗೆ ಬೇರೆ ದುಡ್ಡು ಎನ್ನುವವರು ಒಂದೋ ಈ ಕಾಯ್ದೆ ಓದಿಲ್ಲ, ಇಲ್ಲವೇ ಆಸೆ ತೋರಿಸುತ್ತಿದ್ದಾರೆ. ಎರಡನೆಯದು ಪರ್ಸೆಂಟ್. ಗೆದ್ದ ಹಣದಲ್ಲಿ ಪಾಲು ಅಂತ ಶುಲ್ಕ ಗೊತ್ತುಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಪರಿಹಾರದ ಹಣವನ್ನು ಬೇರೆಯವರಿಗೆ ಬರೆದುಕೊಡುವುದಕ್ಕಾಗಲಿ ಸಾಲಕ್ಕೆ ಜಪ್ತಿ ಮಾಡುವುದಕ್ಕಾಗಲಿ ಈ ಕಾಯ್ದೆಯ 9ನೇ ಕಲಮು ಬಿಡುವುದಿಲ್ಲ. ಮೂರನೆಯದು ಖಾಲಿ ಚೆಕ್. ಅದಕ್ಕೆ ಯಾವ ಕಾರಣವೂ ಇಲ್ಲ. ಆಸ್ಪತ್ರೆಗೆ ಏಜೆಂಟರನ್ನು ಕಳಿಸಿ ಕೇಸು ಹಿಡಿಯುವುದೂ ವಕೀಲರ ನಿಯಮಕ್ಕೆ ವಿರುದ್ಧ.

ಹೊರಗೆ ಬಂದಾಗ ಅಣ್ಣನ ಮುಖ ಇಳಿದಿತ್ತು. "ಹದಿನೈದು ಲಕ್ಷ ಅಂದ್ರಲ್ಲ ಸರ, ಬಿಟ್ಟು ಬರೂದ್ ತಪ್ಪಲ್ಲೇನ್ರಿ?" ಅಂತ ಕೇಳಿದ. ದಾರಿಬದಿಯ ಚಹಾದಂಗಡಿಯಲ್ಲಿ ಕೂತು ಲೆಕ್ಕ ಬಿಡಿಸಿ ತೋರಿಸಬೇಕಾಯಿತು.

ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ತಿಂಗಳ ವೇತನದ ಶೇ 60ನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ವೇತನ ಎಷ್ಟೇ ಇರಲಿ, 2020ರ ಜನವರಿ 3ರಿಂದ ಲೆಕ್ಕಕ್ಕೆ ಹಿಡಿಯುವ ಮಿತಿ 15,000 ರೂಪಾಯಿ. ಗುಣಕ 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17, ಹೀಗೆ ಇಳಿಯುತ್ತದೆ. 15,000ದ ಶೇ 60 ಅಂದರೆ 9,000. ಅದನ್ನು 207.98ರಿಂದ ಗುಣಿಸಿದರೆ 18,71,820. ಇದು ಪೂರ್ತಿ ದುಡಿಯುವ ಶಕ್ತಿ ಹೋದವನಿಗೆ. ಭಾಗಶಃ ಹೋಗಿದ್ದರೆ ಕಾಯ್ದೆಯ ಮೊದಲನೇ ಅನುಸೂಚಿ ನೋಡಬೇಕು. ಒಂದು ಕೈಯ ಎರಡು ಬೆರಳಿಗೆ ಶೇ 20, ಮೂರಕ್ಕೆ ಶೇ 30, ನಾಲ್ಕಕ್ಕೆ ಶೇ 50, ಹೆಬ್ಬೆರಳೊಂದಕ್ಕೇ ಶೇ 30. ಶೇ 20ರಂತೆ ಇವನ ಪಾಲಿಗೆ ಬರುವುದು 3,74,364 ರೂಪಾಯಿ. ಅದರ ಮೇಲೆ ವರ್ಷಕ್ಕೆ ಶೇ 12 ಸರಳ ಬಡ್ಡಿ, ಅಂದರೆ ಸುಮಾರು 44,900. ಸಕಾರಣವಿಲ್ಲದೆ ತಡಮಾಡಿದ ಮಾಲೀಕನಿಗೆ ಶೇ 50ರವರೆಗೆ ದಂಡ ಹಾಕಲು ಅವಕಾಶವಿದೆ, ಆ ದಂಡ ಮಾಲೀಕನದೇ, ವಿಮಾ ಕಂಪನಿ ಕಟ್ಟುವುದಿಲ್ಲ. ಚಿಕಿತ್ಸೆಯ ನಿಜವಾದ ಖರ್ಚು ಬೇರೆ ಬರಬೇಕು. ಇಷ್ಟು ಲೆಕ್ಕ ಕೈಲಿದ್ದರೆ ಯಾವ ಕಚೇರಿಯಲ್ಲಿ ಯಾರು ಏನು ಹೇಳಿದರೂ ಅಳೆದು ನೋಡಬಹುದು.

ಎರಡನೇ ವಕೀಲರು ಹಿರಿಯರು, ಆಸ್ತಿ ವ್ಯಾಜ್ಯಗಳಲ್ಲಿ ಹೆಸರುಳ್ಳವರು. ಹತ್ತೇ ನಿಮಿಷ ಮಾತಾಡಿದರು. "ಇಎಸ್‌ಐ ಇದೆಯೇನಪ್ಪಾ?" ಎಂದು ಕೇಳಿದ್ದು ಅವರೇ ಮೊದಲು. ಇಎಸ್‌ಐ ಅಂದರೆ ಕಾರ್ಮಿಕರ ರಾಜ್ಯ ವಿಮೆ. ಆಮೇಲೆ, "ನಾನು ಈ ಥರದ ಕೇಸು ನಡೆಸಿದ್ದು ಎರಡೋ ಮೂರೋ. ಇದನ್ನೇ ದಿನಾ ಮಾಡೋರ ಹತ್ತಿರ ಹೋಗಿ" ಅಂದರು. ಅಂಥ ಮಾತು ಹೇಳುವವರು ಸಿಗುವುದು ಅಪರೂಪ, ಅವರ ಮೇಲೆ ಗೌರವ ಬಂತು.

ಇಎಸ್‌ಐ ಪ್ರಶ್ನೆ ಎಲ್ಲಕ್ಕಿಂತ ಮುಂಚೆ ಏಕೆ ಬರಬೇಕೆಂದರೆ, ಅದರ ಮೇಲೆಯೇ ಯಾವ ಬಾಗಿಲು ತಟ್ಟಬೇಕು ಎಂಬುದು ತೀರ್ಮಾನವಾಗುತ್ತದೆ. ಹತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆ, ವೇತನ 21,000 ರೂಪಾಯಿಯೊಳಗೆ ಇದ್ದರೆ ನೌಕರ ಇಎಸ್‌ಐ ವ್ಯಾಪ್ತಿಗೆ ಬರುತ್ತಾನೆ. ಆಗ ಇಎಸ್‌ಐ ಕಾಯ್ದೆಯ 53ನೇ ಕಲಮಿನ ಪ್ರಕಾರ ಮಾಲೀಕನ ಮೇಲೆ ಪರಿಹಾರದ ಕೇಸು ಹಾಕುವಂತಿಲ್ಲ. ಬದಲಿಗೆ ವೈದ್ಯಕೀಯ ಮಂಡಳಿ ನಿರ್ಧರಿಸಿದ ಪ್ರಮಾಣದಲ್ಲಿ ಇಎಸ್‌ಐ ನಿಗಮದಿಂದ ಬದುಕಿರುವವರೆಗೆ ಪಿಂಚಣಿಯಂಥ ಹಣ ಬರುತ್ತದೆ. ಎಷ್ಟೋ ಜನ ಮಾಲೀಕರು ನೋಂದಣಿ ಮಾಡಿರುವುದಿಲ್ಲ. ಮಾಲೀಕ ದುಡ್ಡು ಕಟ್ಟಿಲ್ಲ, ಹಾಗಾಗಿ ಇಎಸ್‌ಐ ಸಿಗುವುದಿಲ್ಲ ಎಂದುಬಿಡುವ ವಕೀಲರಿದ್ದಾರೆ. ಅದು ತಪ್ಪು. ವಂತಿಗೆ ಕಟ್ಟಬೇಕಾದ ಕಾರ್ಖಾನೆಯಾಗಿದ್ದರೆ, ಕಟ್ಟದಿದ್ದರೂ ಅಲ್ಲಿನ ಕೆಲಸಗಾರ ವಿಮಾದಾರನೇ. ನಿಗಮ ಹಣ ಕೊಟ್ಟು ಮಾಲೀಕನಿಂದ ವಸೂಲಿ ಮಾಡಿಕೊಳ್ಳಬಹುದು. ಇದನ್ನು ಗಮನಿಸದೆ ಪರಿಹಾರದ ಅರ್ಜಿ ಹಾಕಿದರೆ, ಕೆಲವು ವರ್ಷ ನಡೆದ ಮೇಲೆ ಎದುರು ವಕೀಲರು 53ನೇ ಕಲಮು ತೋರಿಸಿ ಅರ್ಜಿಯನ್ನೇ ಉರುಳಿಸಬಹುದು. ಈ ಹುಡುಗನ ಶೆಡ್ಡಿನಲ್ಲಿ ಇದ್ದವರು ಎಂಟೇ ಜನ. ಹಾಗಾಗಿ 1923ರ ಕಾಯ್ದೆಯೇ ದಾರಿ.

ಮೂರನೇ ಕಚೇರಿ ಮೊದಲ ಮಹಡಿಯಲ್ಲಿ, ಕಿರಿದಾದ ಮೆಟ್ಟಿಲು. ವಕೀಲೆ ನಡುವಯಸ್ಸಿನವರು. ಹೆಸರು, ವಯಸ್ಸು ಕೇಳಿ, ನೇರವಾಗಿ ಆಸ್ಪತ್ರೆಯ ಬಿಡುಗಡೆ ಪತ್ರ ಕೈಗೆತ್ತಿಕೊಂಡರು. ಎರಡನೇ ಸಾಲಿನಲ್ಲೇ ಬೆರಳು ನಿಲ್ಲಿಸಿದರು.

"ಇದನ್ನ ಯಾರಾದ್ರೂ ಓದಿ ಹೇಳಿದಾರಾ ನಿಮಗೆ?"

ಅಣ್ಣ ಇಲ್ಲವೆಂದು ತಲೆಯಾಡಿಸಿದ.

"ಮನೇಲಿ ಬಾಗಿಲಿಗೆ ಸಿಕ್ಕಿ ಗಾಯ ಅಂತ ಬರೆದಿದೆ."

ತಮ್ಮ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. "ಮನ್ಯಾಗ ಅಲ್ರೀ ಮೇಡಂ, ಪ್ರೆಸ್ ಮ್ಯಾಲೆ ಆಗಿದ್ದು. ಸೂಪರ್‌ವೈಸರೇ ಆಟೋದಾಗ ಕರ್ಕೊಂಡು ಹೋಗಿ ಬರೆಸ್ಯಾನ್ರಿ" ಅಂದ.

ಹಿಂದಿನ ಇಬ್ಬರ ಮುಂದೆಯೂ ಇದೇ ಹಾಳೆ ಇತ್ತು. ಕೇಸು ಸೋಲುವುದು ಬಹಳ ಸಲ ಈ ಒಂದು ಸಾಲಿನಿಂದ. ಕೆಲಸದಲ್ಲಿರುವಾಗ, ಕೆಲಸದ ಕಾರಣದಿಂದಲೇ ಗಾಯವಾಯಿತು ಎಂದು ತೋರಿಸುವುದು ಇಡೀ ಅರ್ಜಿಯ ಬುನಾದಿ. ಗಾಯಾಳುವನ್ನು ಕರೆತಂದವರು ಏನು ಹೇಳುತ್ತಾರೋ ಅದನ್ನೇ ಆಸ್ಪತ್ರೆಯವರು ಬರೆದುಕೊಳ್ಳುತ್ತಾರೆ. ಕಾರಣ ಮನೆ ಎಂದಾದರೆ ವೈದ್ಯಕೀಯ-ಕಾನೂನು ಪ್ರಕರಣ, ಅಂದರೆ ಎಂಎಲ್‌ಸಿ, ದಾಖಲಾಗದೆ ಹೋಗಬಹುದು, ಪೊಲೀಸರಿಗೂ ತಿಳಿಯುವುದಿಲ್ಲ.

ಏನು ಮಾಡಬೇಕೆಂದು ಅವರು ಅಲ್ಲೇ ಒಂದು ಹಾಳೆಯ ಮೇಲೆ ಬರೆಸಿದರು. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು ಪೂರ್ತಿ ಕೇಸ್ ಶೀಟ್, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಪಡೆಯುವುದು. ಜಜ್ಜಿದ ಗಾಯದ ವಿವರ ಅಲ್ಲಿ ಸಿಗುತ್ತದೆ, ಬಾಗಿಲ ಸಂದಿಗೆ ಸಿಕ್ಕ ಬೆರಳು ಹಾಗಿರುವುದಿಲ್ಲ. ಬಿಲ್ ಕಟ್ಟಿದ್ದು ಯಾರ ಫೋನ್‌ಪೇಯಿಂದ ಎಂಬ ರಸೀದಿ. ಮಾಲೀಕನ ಖಾತೆಯಿಂದ ಕಟ್ಟಿದ್ದರೆ ಅದೇ ಸಾಕ್ಷಿಯಾಗುತ್ತದೆ, ಮನೆಯಲ್ಲಿ ಆದ ಗಾಯಕ್ಕೆ ಮಾಲೀಕ ಯಾಕೆ ದುಡ್ಡು ಕಟ್ಟುತ್ತಾನೆ? ಆ ದಿನದ ಹಾಜರಿ, ವಾಟ್ಸಾಪ್‌ನಲ್ಲಿ ಜೊತೆಗಾರರು ಕಳಿಸಿದ ಫೋಟೊ, ಅಳಿಸುವ ಮುಂಚೆ. ಠಾಣೆಗೆ ತಡವಾಗಿಯಾದರೂ ದೂರು, ತಡವಾದ ಕಾರಣ ಬರೆದು. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಒಂದು ಪ್ರತಿ, ಯಂತ್ರವನ್ನು ಬಂದು ನೋಡಲಿ ಎಂದು. ಶೆಡ್ಡಿನ ಬೋರ್ಡಿನ ಫೋಟೊ, ಜಿಎಸ್‌ಟಿ ಸಂಖ್ಯೆ ಕಾಣುವ ಹಾಗೆ. ಬಾಡಿಗೆ ಶೆಡ್ಡು ಖಾಲಿ ಮಾಡಿಕೊಂಡು ಹೋದರೆ ಮಾಲೀಕನನ್ನು ಹುಡುಕಲು ಅದೇ ಎಳೆ.

"ಗಾರ್ಡ್ ಇತ್ತಾ?" ಎಂಬುದು ಮುಂದಿನ ಪ್ರಶ್ನೆ. ಕೈ ಒಳಗೆ ಹೋಗದಂತೆ ತಡೆಯುವ ಯಂತ್ರದ ಕವಚ ಅದು. ಇತ್ತು, ಆದರೆ ಪೀಸ್ ಬೇಗ ಬರಲಿ ಅಂತ ಸೂಪರ್‌ವೈಸರ್ ಬಿಚ್ಚಿಸಿದ್ದ. ಅದನ್ನು ಅವರು ಅಡಿಗೆರೆ ಎಳೆದು ಬರೆದುಕೊಂಡರು. ಕೆಲಸಗಾರ ಅಜಾಗರೂಕನಾಗಿದ್ದ ಎಂಬುದು ಈ ಕಾಯ್ದೆಯಲ್ಲಿ ಮಾಲೀಕನಿಗೆ ರಕ್ಷಣೆಯಲ್ಲ. ಆದರೆ ಸುರಕ್ಷತಾ ಸಾಧನವನ್ನು ಕೆಲಸಗಾರನೇ ಬೇಕೆಂದು ತೆಗೆದಿದ್ದ ಎಂದು ತೋರಿಸಿದರೆ ತೊಡಕು. ಮಾಲೀಕರ ಕಡೆಯವರು ಆ ವಾದ ತಂದೇ ತರುತ್ತಾರೆ. ಗಾರ್ಡ್ ಬಿಚ್ಚಿಸಿದ್ದು ಯಾರೆಂದು ಹೇಳಬಲ್ಲ ಜೊತೆಗಾರ ಬೇಕು.

ಆಮೇಲೆ ಅವರು ಮೇಜಿನ ಡ್ರಾ ಎಳೆದು ಮೂರು ನಾಣ್ಯ ಹರಡಿದರು. "ಒಂದನ್ನ ಎತ್ತಪ್ಪಾ, ಬಲಗೈಯಲ್ಲಿ." ಬ್ಯಾಂಡೇಜಿನಿಂದ ಹೊರಗಿದ್ದ ಹೆಬ್ಬೆರಳು, ಉಂಗುರ ಬೆರಳು ಸೇರಿಸಿ ಹುಡುಗ ನಾಣ್ಯ ಹಿಡಿಯಲು ಹೋದ. ಅದು ಮೇಜಿನ ಮೇಲೆ ಜಾರುತ್ತಾ ಅಂಚಿಗೆ ಬಂತು, ಎರಡನೇ ಸಲವೂ ಏಳಲಿಲ್ಲ. ಅಣ್ಣ ಮುಖ ಆ ಕಡೆ ತಿರುಗಿಸಿಕೊಂಡ.

ಪ್ರೆಸ್ಸಿನಲ್ಲಿ ಚಿಕ್ಕ ಶೀಟನ್ನು ಡೈಗೆ ಕೂರಿಸುವುದು ಹೆಬ್ಬೆರಳು, ತೋರುಬೆರಳ ಚಿಮುಟಿಗೆಯಿಂದ. ಶೇ 20 ಎಂಬುದು ಅನುಸೂಚಿಯ ಸಂಖ್ಯೆ, ಆದರೆ ಇವನ ಕಸುಬು ಪೂರ್ತಿ ಹೋಗಿದೆ ಎಂದು ವಾದಿಸಲು ಜಾಗವಿದೆ. 1975ರಲ್ಲಿ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ, ಎಡಗೈ ಮೊಣಕೈ ಮೇಲಕ್ಕೆ ಕತ್ತರಿಸಿಹೋದ ಬಡಗಿ ಒಂದೇ ಕೈಯಲ್ಲಿ ಬಡಗಿಯ ಕೆಲಸ ಮಾಡಲಾರ ಎಂದು ಸುಪ್ರೀಂ ಕೋರ್ಟ್ ನಷ್ಟವನ್ನು ಪೂರ್ಣವೆಂದೇ ಒಪ್ಪಿತು. ಪರಿಹಾರ ಕೊಡಬೇಕಾದ ಹೊಣೆ ಹುಟ್ಟುವುದು ಗಾಯವಾದ ದಿನದಿಂದಲೇ ಎಂದೂ ಹೇಳಿತು. ಅದನ್ನು ವಕೀಲೆ ಹೇಳಿದರು, ಜೊತೆಗೆ "ಗ್ಯಾರಂಟಿ ಕೊಡಲ್ಲ, ಎರಡು ಬೆರಳಿಗೆ ಅಷ್ಟು ಸಿಗೋದು ಕಷ್ಟ. ಆದ್ರೆ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರೇ ಬಂದು ಹಿಡಿತ ಎಷ್ಟಿದೆ ಅಂತ ಸಾಕ್ಷಿ ಹೇಳ್ಬೇಕು" ಅಂದರು. ಚಿಕಿತ್ಸೆ ಕೊಡದ ವೈದ್ಯರಿಂದ ಪ್ರಮಾಣಪತ್ರ ತಂದರೆ ಪಾಟೀಸವಾಲಿನಲ್ಲಿ ನಿಲ್ಲುವುದು ಕಷ್ಟ.

ಎಲ್ಲಿ ಅರ್ಜಿ ಹಾಕುವುದು ಎಂದೂ ಅವರೇ ಎತ್ತಿದರು. ಕರ್ನಾಟಕದಲ್ಲಿ ಮೊದಲು ಕಾರ್ಮಿಕ ಅಧಿಕಾರಿಗಳು ನೋಡುತ್ತಿದ್ದ ಈ ಅರ್ಜಿಗಳನ್ನು ಈಗ ಹಿರಿಯ ಸಿವಿಲ್ ನ್ಯಾಯಾಧೀಶರು ಆಯುಕ್ತರಾಗಿ ನಡೆಸುತ್ತಾರೆ. ಅಪಘಾತವಾದ ಊರಲ್ಲಿ ಮಾತ್ರವಲ್ಲ, ಗಾಯಾಳು ವಾಸಿಸುವ ಊರಲ್ಲೂ ಹಾಕಬಹುದು. ಯಾದಗಿರಿಯಲ್ಲಿ ಹಾಕಿದರೆ ಪ್ರತಿ ದಿನಾಂಕಕ್ಕೂ ಬಸ್ ಖರ್ಚು, ರಾತ್ರಿ ಪ್ರಯಾಣ ತಪ್ಪುತ್ತದೆ. ಆದರೆ ವೈದ್ಯರು, ಜೊತೆಗಾರ ಇರುವುದು ಬೆಂಗಳೂರಿನಲ್ಲಿ. "ನೀವು ಊರಿಗೆ ವಾಪಸ್ ಹೋಗ್ತೀರಾ, ಇಲ್ಲೇ ಇರ್ತೀರಾ? ಯೋಚಿಸಿ ಹೇಳಿ. ಎರಡು ವರ್ಷದ ಗಡುವು ಇದೆ, ಆದ್ರೆ ಅದನ್ನ ನಂಬಿ ಕೂರಬೇಡಿ."

ಮಾಲೀಕ 40,000 ರೂಪಾಯಿ ಕೊಡುತ್ತೇನೆ, ಒಂದು ಕಾಗದಕ್ಕೆ ಸಹಿ ಹಾಕಿ ಎಂದಿದ್ದ. ಹಕ್ಕು ಬಿಟ್ಟುಕೊಡುವ ಅಂಥ ಬರಹ 17ನೇ ಕಲಮಿನ ಪ್ರಕಾರ ಅನೂರ್ಜಿತ, ಒಪ್ಪಂದವಾಗುವುದಿದ್ದರೆ ಆಯುಕ್ತರ ಮುಂದೆ ನೋಂದಣಿಯಾಗಬೇಕು. ಸಹಿ ಹಾಕದಿರುವುದು ಒಳ್ಳೆಯದಾಗಿತ್ತು. ಶೆಡ್ಡಿಗೆ ಪರಿಹಾರದ ವಿಮಾ ಪಾಲಿಸಿ ಇದೆಯೇ ಎಂದು ನೋಟಿಸಿನಲ್ಲೇ ಕೇಳುವುದೆಂದು ತೀರ್ಮಾನವಾಯಿತು. ಪಾಲಿಸಿ ಇಲ್ಲದಿದ್ದರೆ ಆದೇಶ ಬಂದ ಮೇಲೆ ಭೂಕಂದಾಯದ ಬಾಕಿಯಂತೆ ವಸೂಲಿಗೆ ಹೋಗಬೇಕು, ಅದು ಬೇರೆಯೇ ಓಡಾಟ. ಆ ಓಡಾಟವೂ ಶುಲ್ಕದಲ್ಲಿ ಸೇರಿದೆಯೇ ಎಂದು ನಾವು ಕೇಳಿದೆವು. ಮರೆಯದೆ ಕೇಳಬೇಕಾದ ಪ್ರಶ್ನೆ ಅದು.

ಶುಲ್ಕ ಒಟ್ಟು 25,000, ವಸೂಲಿಯೂ ಸೇರಿ. ಈಗ 5,000, ಉಳಿದದ್ದು ಅರ್ಜಿ, ಸಾಕ್ಷಿ, ವಾದ ಹೀಗೆ ಹಂತ ಹಂತವಾಗಿ, ಪ್ರತಿಯೊಂದಕ್ಕೂ ರಸೀದಿ. ವೈದ್ಯರ ಸಾಕ್ಷಿಯ ಖರ್ಚು ಬೇರೆ. ಅದೂ ಆಗದಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ, ಕೈಗಾರಿಕಾ ಕಾರ್ಮಿಕರಿಗೆ ಆ ಹಕ್ಕಿದೆ, ಸಹಾಯವಾಣಿ 15100 ಎಂದು ತಾವಾಗಿಯೇ ಹೇಳಿದರು. ಮುಂದೆ ವಕೀಲರನ್ನು ಬದಲಿಸಬೇಕಾದರೆ ಕಡತ ವಾಪಸ್ ಕೊಡುತ್ತೀರಾ ಎಂದು ಕೇಳಿದ್ದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. ಶುಲ್ಕ ಬಾಕಿಯೆಂದು ಕಕ್ಷಿದಾರನ ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಆದರೂ ಮೂಲ ಕಾಗದಗಳ ಎರಡು ಜೊತೆ ಜೆರಾಕ್ಸ್ ಮನೆಯಲ್ಲಿರಲಿ.

ಈಗ ಹೋಗುವವರು ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಬೇಕು. 2025ರ ನವೆಂಬರ್ 21ರಿಂದ 1923ರ ಕಾಯ್ದೆ, ಇಎಸ್‌ಐ ಕಾಯ್ದೆ ಎರಡರ ಬದಲಿಗೆ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಯಲ್ಲಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ, ಕೆಲಸದೊಂದಿಗೆ ನಂಟು ಸಾಬೀತಾದರೆ, ಅದು ಒಳಗೆ ತಂದಿದೆ. ಅಪಘಾತದ ದಿನಾಂಕ ನೋಡಿ ಯಾವ ಕಾನೂನಿನಡಿ ಹಾಕುತ್ತೀರಿ ಎಂದು ವಕೀಲರನ್ನು ಮೊದಲೇ ಕೇಳಿಬಿಡಿ.

ವಕಾಲತ್ತು ತುಂಬಿಸಿ, ಓದಿ ಹೇಳಿ, ಆಮೇಲೆ ಸಹಿಗೆ ಕೊಟ್ಟರು. ಹುಡುಗ ಎಡಗೈಯಲ್ಲಿ ಪೆನ್ನು ಹಿಡಿದು ಹೆಸರನ್ನು ಒಂದೊಂದೇ ಅಕ್ಷರ ಬರೆದ. ಸಹಿ ಬೇರೆ ಥರ ಬಂತು. ಬ್ಯಾಂಕಿನಲ್ಲಿ ಹಣ ಬಿಡಿಸುವಾಗ ತೊಂದರೆಯಾಗುತ್ತದೆ, ಖಾತೆಗೆ ಹೊಸ ಸಹಿ ಕೊಟ್ಟುಬನ್ನಿ ಎಂದು ಅದನ್ನೂ ಪಟ್ಟಿಗೆ ಸೇರಿಸಿದರು. ಸೋಮವಾರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮಾಲೀಕನಿಗೆ ನೋಟಿಸ್ ಹೋಯಿತು. ಗುರುವಾರ ಶೆಡ್ಡಿನ ಮುದ್ರೆ ಬಿದ್ದ ಸ್ವೀಕೃತಿ ಕಾರ್ಡ್ ವಾಪಸ್ ಬಂತು, ಅದನ್ನು ಕಡತದ ಮೊದಲ ಹಾಳೆಗೆ ಪಿನ್ ಮಾಡಿದೆವು.