ಏಳು ಬೀಟು, ಎರಡು ಫ್ರೇಮು

ಜಪಾನಿನ ಅನಿಮೆ (ಕಾರ್ಟೂನ್) ಸರಣಿಗಳ ಓಪನಿಂಗ್, ಅಂದರೆ ಕಂತಿನ ಶುರುವಿಗೆ ಬರುವ ಶೀರ್ಷಿಕೆ ಹಾಡು, ಸಾಮಾನ್ಯವಾಗಿ 90 ಸೆಕೆಂಡು. ಸೆಕೆಂಡಿಗೆ 24ರಂತೆ 2160 ಫ್ರೇಮು, ಅಂದರೆ ಅಷ್ಟು ಬಿಡಿ ಚಿತ್ರ. ಇದರಲ್ಲಿ ಕಣ್ಣಿಗೆ ಕಿರಿಕಿರಿ ಮಾಡುವ ತಪ್ಪು ಎಷ್ಟೋ ಸಲ ಚಿತ್ರದ್ದಲ್ಲ, ತಾಳದ್ದು. ಹಾಡಿನ ವೇಗ ನಿಮಿಷಕ್ಕೆ 120 ಬೀಟ್ ಇದ್ದರೆ ಬೀಟಿಗೆ ಸರಿಯಾಗಿ 12 ಫ್ರೇಮು, ತಲೆನೋವಿಲ್ಲ. 140 ಆದರೆ ಹತ್ತೂ ಚಿಲ್ಲರೆ. ಬೀಟಿಗೊಂದು ಕಟ್ (ದೃಶ್ಯ ಬದಲಾವಣೆ) ಇಟ್ಟು, ಎಲ್ಲಕ್ಕೂ 10 ಫ್ರೇಮೇ ಕೊಡುತ್ತಾ ಹೋದರೆ ಏಳೇ ಬೀಟಿಗೆ ಚಿತ್ರ ಹಾಡಿಗಿಂತ ಎರಡು ಫ್ರೇಮು ಮುಂದೆ ಓಡಿರುತ್ತದೆ. ಆ ಏಳರಲ್ಲಿ ಎರಡಕ್ಕೆ 11 ಕೊಡಿ, ಮತ್ತೆ ಕೂಡಿಕೊಳ್ಳುತ್ತದೆ. ನೋಡುವವರು ಸ್ಕಿಪ್ ಒತ್ತುತ್ತಾರೆಂದು ಗೊತ್ತಿದ್ದೂ ಎರಡು ಫ್ರೇಮಿಗೆ ಇಷ್ಟು ಗುದ್ದಾಟ. ವಿಚಿತ್ರ ಕಸುಬು!

ಇನ್ನು ತೆರೆಯ ಮೇಲೆ ಬರುವ ಚಿತ್ರತಂಡದ ಹೆಸರುಗಳು. 1920×1080ರ ಚೌಕಟ್ಟಿನಲ್ಲಿ ಎಡಬಲಕ್ಕೆ 96, ಮೇಲೆ ಕೆಳಗೆ 54 ಪಿಕ್ಸೆಲ್ ಬಿಟ್ಟು ಅಕ್ಷರ ಕೂರಿಸುವುದು ವಾಡಿಕೆ. ಆದರೆ ಹೆಸರಿನ ಜಾಗವನ್ನು ಸ್ಟೋರಿಬೋರ್ಡಿನಲ್ಲೇ (ದೃಶ್ಯಗಳ ಕರಡು ಚಿತ್ರಗಳಲ್ಲೇ) ಬಿಡದಿದ್ದರೆ ಕೊನೆಗೆ ನಾಯಕಿಯ ಮೂಗಿನ ಮೇಲೆ ಸಂಗೀತ ನಿರ್ದೇಶಕರ ಹೆಸರು ಬಂದು ಕೂರುತ್ತದೆ. ಆಗ ಬಿಳಿ ಅಕ್ಷರಕ್ಕೆ ದಪ್ಪ ಕಪ್ಪು ಅಂಚು ಕಟ್ಟುತ್ತಾರೆ. ಅದು ಬರೀ ತೇಪೆ. ಅಕ್ಷರದ ಹಿಂದಿನ ಭಾಗವನ್ನಷ್ಟೇ ತುಸು ಮಬ್ಬಾಗಿಸಿ, ಅಲ್ಲಿ ಮಿನುಗು, ಕಿಡಿ, ಹಾರುವ ಹೂವಿನೆಸಳು ಬಾರದಂತೆ ನೋಡಿಕೊಂಡರೆ ಅಂಚಿಲ್ಲದೆಯೂ ಹೆಸರು ಸಲೀಸಾಗಿ ಓದಿಸಿಕೊಳ್ಳುತ್ತದೆ.