ಅಂಡಮಾನಿನಲ್ಲಿ ಅತ್ತೆ, ಮಕ್ಕಳೊಂದಿಗೆ ನಡೆದ ದಾರಿಗಳು

ಭೂಪಟದಲ್ಲಿ ಕಾಸರಗೋಡಿನಿಂದ ನೇರ ಪೂರ್ವಕ್ಕೆ ಗೆರೆ ಎಳೆದರೆ ಅದು ಬಂಗಾಳ ಕೊಲ್ಲಿಯನ್ನು ದಾಟಿ ಅಂಡಮಾನ್ ದ್ವೀಪಗಳ ನಡುಭಾಗವನ್ನು ಮುಟ್ಟುತ್ತದೆ. ಅಕ್ಷಾಂಶ ಒಂದೇ ಆಗಿರುವುದರಿಂದ ಅಲ್ಲಿನ ಸೆಖೆ, ತೆಂಗು, ಅಡಿಕೆ, ಕಡಲ ಗಾಳಿಯ ಉಪ್ಪು ಯಾವುದೂ ನಮಗೆ ಹೊಸತೆನಿಸಲಿಲ್ಲ. ಹೊಸತಾಗಿದ್ದದ್ದು ಹೊತ್ತು. ಗಡಿಯಾರ ಭಾರತದ್ದೇ ಆದರೂ ಆ ದ್ವೀಪಗಳು ನಮ್ಮಿಂದ ಹದಿನೇಳು ರೇಖಾಂಶಗಳಿಗೂ ಹೆಚ್ಚು ಪೂರ್ವದಲ್ಲಿರುವ ಕಾರಣ ಸೂರ್ಯ ಅಲ್ಲಿ ನಮ್ಮೂರಿಗಿಂತ ಸುಮಾರು ಒಂದು ಗಂಟೆ ಹತ್ತು ನಿಮಿಷ ಮೊದಲೇ ಮೂಡಿ, ಅಷ್ಟೇ ಮೊದಲು ಮುಳುಗುತ್ತಾನೆ. ಫೆಬ್ರವರಿಯಲ್ಲಿ ಕುಂಬಳೆಯ ಕಡಲ ಬದಿಯಲ್ಲಿ ಆರೂವರೆಯವರೆಗೂ ಬೆಳಕಿದ್ದರೆ, ಅಲ್ಲಿ ಐದೂವರೆಗೆಲ್ಲ ಸೂರ್ಯಾಸ್ತವಾಗಿರುತ್ತದೆ. ಇದನ್ನು ಓದಿ ತಿಳಿದಿದ್ದರೂ ಮನಸ್ಸಿಗೆ ತಂದುಕೊಳ್ಳದ ನಾವು ಮೊದಲ ದಿನ ಚಹಾ ಕುಡಿದು, ಮಕ್ಕಳ ಬಟ್ಟೆ ಬದಲಿಸಿ, ಐದು ಗಂಟೆಗೆ ಹೊರಟು ಕಾರ್ಬಿನ್ಸ್ ಕೋವ್ ತೀರವನ್ನು ತಲುಪುವಷ್ಟರಲ್ಲಿ ಕತ್ತಲಾಗತೊಡಗಿತ್ತು. ಮರುದಿನದಿಂದ ಐದಕ್ಕೆ ಎದ್ದು, ನಡಿಗೆಯನ್ನೆಲ್ಲ ಹತ್ತೂವರೆಯೊಳಗೆ ಮುಗಿಸಿ, ನಡು ಮಧ್ಯಾಹ್ನ ಮಲಗಿ, ಎರಡೂವರೆಗೆ ಮತ್ತೆ ಹೊರಡುವ ಕ್ರಮವನ್ನು ಹಿಡಿದೆವು. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗುವವರು ತಮ್ಮ ಯೋಜನೆಯನ್ನು ಈ ಲೆಕ್ಕದ ಮೇಲೆಯೇ ಕಟ್ಟಬೇಕೆಂದು ನಾನು ಒತ್ತಿ ಹೇಳುತ್ತೇನೆ.

ನಾವು ಐದು ಜನ: ನಾನು, ನನ್ನ ಗಂಡ, ಅರವತ್ತೆಂಟು ವರ್ಷದ ಅತ್ತೆಯವರು, ಹನ್ನೊಂದು ವರ್ಷದ ಮಗಳು ಮತ್ತು ಎಂಟು ವರ್ಷದ ಮಗ. ಮಂಗಳೂರಿನಿಂದ ಚೆನ್ನೈಗೆ ಹೋಗುವ ರೈಲುಗಳು ಕಾಸರಗೋಡಿನಲ್ಲಿ ನಿಲ್ಲುವುದರಿಂದ ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಗ್ಗೆ ಚೆನ್ನೈಯಲ್ಲಿರಬಹುದು. ಅಲ್ಲಿಂದ ವಿಮಾನದಲ್ಲಿ ಎರಡು ಗಂಟೆಗೆ ತುಸು ಹೆಚ್ಚು ಹೊತ್ತಿನ ಪ್ರಯಾಣ. ರೈಲು ತಲುಪಿದ ದಿನವೇ ವಿಮಾನ ಹಿಡಿಯದೆ ಚೆನ್ನೈಯಲ್ಲಿ ಒಂದು ರಾತ್ರಿ ತಂಗಿದ್ದು ಅತ್ತೆಯವರಿಗೆ ಒಳ್ಳೆಯದಾಯಿತು. ಚೆನ್ನೈಯಿಂದ ಹಡಗೂ ಇದೆ, ಆದರೆ ಅದರಲ್ಲಿ ಹೆಚ್ಚುಕಡಿಮೆ ಮೂರು ದಿನ ನೀರಿನ ಮೇಲೆಯೇ ಇರಬೇಕಾಗುವುದರಿಂದ ವಯಸ್ಸಾದವರಿದ್ದಾಗ ಆ ಯೋಚನೆ ಬೇಡ. ಪೋರ್ಟ್ ಬ್ಲೇರ್ ಎಂಬ ಹೆಸರು 2024ರಲ್ಲಿ ಶ್ರೀ ವಿಜಯಪುರಂ ಎಂದು ಬದಲಾಗಿದೆ. ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಗಿಯೂ, ನೀಲ್ ಶಹೀದ್ ದ್ವೀಪವಾಗಿಯೂ 2018ರಲ್ಲೇ ಹೆಸರು ಪಡೆದಿವೆ. ಜನರ ಬಾಯಲ್ಲಿ ಹಳೆಯ ಹೆಸರುಗಳೇ ಉಳಿದಿರುವುದರಿಂದ ಎರಡನ್ನೂ ನೆನಪಿನಲ್ಲಿಟ್ಟುಕೊಂಡರೆ ಟಿಕೆಟ್ ಕೊಳ್ಳುವಾಗ ಗೊಂದಲವಾಗದು.

ಒಂಬತ್ತು ರಾತ್ರಿಗಳಲ್ಲಿ ಮೂರು ದ್ವೀಪಗಳಲ್ಲಷ್ಟೇ ತಂಗಿದೆವು. ಅದಕ್ಕಿಂತ ಹೆಚ್ಚು ತುರುಕಿದರೆ ಹಡಗುಕಟ್ಟೆಯಲ್ಲಿ ಕಾಯುವುದರಲ್ಲೇ ಪ್ರವಾಸ ಮುಗಿಯುತ್ತದೆ. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗುಗಳಿಗೆ ಪ್ರತಿಯೊಬ್ಬರ ಹೆಸರು, ವಯಸ್ಸು, ಗುರುತಿನ ಚೀಟಿ ಬೇಕು. ಮಕ್ಕಳ ಆಧಾರ್ ಕಾರ್ಡನ್ನೂ ಕೈಯಲ್ಲಿ ಇಟ್ಟುಕೊಳ್ಳಿ. ಮೊದಲು ಹಡಗಿನ ಟಿಕೆಟ್, ಆಮೇಲೆ ವಸತಿ ಎಂಬ ಕ್ರಮವನ್ನು ತಪ್ಪಿಸಬಾರದು. ನಮ್ಮದೊಂದು ಹಡಗಿನ ಹೊತ್ತು ಬೆಳಗ್ಗಿನಿಂದ ಮಧ್ಯಾಹ್ನಕ್ಕೆ ಬದಲಾಗಿತ್ತು. ಆ ಸಂದೇಶ ನಮ್ಮ ಮೊಬೈಲಿಗೆ ತಡವಾಗಿ ತಲುಪಿದ್ದರಿಂದ ಕಟ್ಟೆಯ ಬೆಂಚಿನ ಮೇಲೆ ಐದು ಗಂಟೆ ಕುಳಿತಿದ್ದೆವು. ಚೆನ್ನೈಯಿಂದ ಸಮುದ್ರದಡಿಯ ಕೇಬಲ್ 2020ರಲ್ಲಿ ಬಂದ ಮೇಲೆ ಸಂಪರ್ಕ ಸುಧಾರಿಸಿದೆಯಾದರೂ ಕಾಡಿನ ದಾರಿಗಳಲ್ಲಿ ಸಿಗ್ನಲ್ ನಿಲ್ಲುವುದಿಲ್ಲ. ಹಿಂದಿನ ಸಂಜೆಯೇ ಹಡಗಿನವರ ಕಚೇರಿಗೆ ಕರೆಮಾಡಿ ಹೊತ್ತನ್ನು ಖಚಿತಪಡಿಸಿಕೊಳ್ಳಿ. ಸ್ವಲ್ಪ ನಗದನ್ನೂ ಇಟ್ಟುಕೊಳ್ಳಿ. ಸಮುದ್ರಪ್ರಯಾಣದಲ್ಲಿ ತಲೆಸುತ್ತುವವರು ಹೊಟ್ಟೆ ತುಂಬ ತಿನ್ನದೆ, ಹಡಗಿನ ನಡುಭಾಗದಲ್ಲಿ ಕೂರುವುದು ಮೇಲು.

ಮೊದಲ ನಡಿಗೆಗೆ ನಾವು ಆರಿಸಿಕೊಂಡದ್ದು 2021ರಿಂದ ಮೌಂಟ್ ಮಣಿಪುರ್ ಎಂದು ಕರೆಯಲಾಗುವ ಮೌಂಟ್ ಹ್ಯಾರಿಯೆಟ್. ಎತ್ತರ ಸುಮಾರು 380 ಮೀಟರ್, ಅಂದರೆ ನಮ್ಮ ಪೊಸಡಿ ಗುಂಪೆಗಿಂತ ತುಸು ಹೆಚ್ಚು. ಹೊರಡುವ ಮೊದಲಿನ ಎರಡು ಭಾನುವಾರ ಮಕ್ಕಳನ್ನು ಪೊಸಡಿ ಗುಂಪೆಗೆ ಹತ್ತಿಸಿದ್ದು ಸಾರ್ಥಕವಾಯಿತು. ಚಾತಮ್ ಕಟ್ಟೆಯಿಂದ ವಾಹನ ಸಾಗಿಸುವ ದೋಣಿಯಲ್ಲಿ ಬ್ಯಾಂಬೂ ಫ್ಲ್ಯಾಟ್‌ಗೆ ದಾಟಿದರೆ ರಸ್ತೆಯ ದೊಡ್ಡ ಸುತ್ತು ಉಳಿಯುತ್ತದೆ, ಮಕ್ಕಳಿಗೆ ಕಾರಿನೊಂದಿಗೆ ದೋಣಿ ಹತ್ತಿದ ಖುಷಿಯೂ ಸಿಗುತ್ತದೆ. ಶಿಖರದವರೆಗೂ ಡಾಂಬರು ರಸ್ತೆಯಿರುವುದರಿಂದ ಅತ್ತೆಯವರು ಒಂದು ಹೆಜ್ಜೆಯನ್ನೂ ಏರದೆ ಮೇಲೆ ಕುಳಿತು ನಾರ್ತ್ ಬೇಯ ದೀಪಸ್ತಂಭವನ್ನು ನೋಡಿದರು. ಹಳೆಯ ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯ ಚಿತ್ರ ಈ ಬೆಟ್ಟದ ದಾರಿಯಿಂದ ಕಾಣುವ ನೋಟವೇ ಆದ ಕಾರಣ, ಅಂತಹ ಒಂದು ನೋಟನ್ನು ಮನೆಯಿಂದ ಒಯ್ದು ಮಕ್ಕಳ ಕೈಯಲ್ಲಿ ಕೊಡಿ; ಎರಡನ್ನೂ ಹೋಲಿಸುತ್ತಾ ನಮ್ಮ ಮಗ ಅರ್ಧ ಗಂಟೆ ಅಲ್ಲಾಡದೆ ನಿಂತಿದ್ದ.

ಶಿಖರದಿಂದ ಕಾಲಾ ಪತ್ಥರ್ ಎಂಬ ನೋಟದ ತಾಣಕ್ಕೆ ಸುಮಾರು ಎರಡು ಕಿಲೋಮೀಟರ್ ಕಾಡುದಾರಿಯಿದೆ. ನೆರಳು ದಟ್ಟವಾಗಿದ್ದು ಏರಿಳಿತ ಕಡಿಮೆಯಿರುವುದರಿಂದ ಎಂಟು ವರ್ಷದ ಮಗುವಿಗೂ ಇದು ಕಷ್ಟವಲ್ಲ. ಬೇರುಗಳ ಮೇಲೆ ಜಾರದಂತೆ ಹಿಡಿತವಿರುವ ಶೂ ಇದ್ದರೆ ಸಾಕು. ದಾರಿಯುದ್ದಕ್ಕೂ ಗರ್ಜನ್ ಮರಗಳು ಕಂಬಗಳಂತೆ ನೇರವಾಗಿ ಎದ್ದಿವೆ. ಬೇರಿನ ಬುಡ ಹಲಗೆಯಂತೆ ಹರಡಿದ ಮರಗಳ ನಡುವೆ ಮಕ್ಕಳು ಅಡಗಿ ಆಡಿದರು. ಮಳೆ ಬಿದ್ದ ಮರುದಿನವಾದರೆ ನಮ್ಮ ರಾಣಿಪುರದ ಹಾಗೆಯೇ ಜಿಗಣೆಗಳಿರುತ್ತವೆ, ಕಾಲುಚೀಲದೊಳಕ್ಕೆ ಪ್ಯಾಂಟು ತುರುಕಿ ಉಪ್ಪಿನ ಪುಡಿ ಇಟ್ಟುಕೊಳ್ಳಿ. ಇದೇ ಕಾಡು ಮಧುಬನದವರೆಗೆ ಸುಮಾರು 16 ಕಿಲೋಮೀಟರ್ ಮುಂದುವರಿಯುತ್ತದೆ, ಅದು ಮಕ್ಕಳ ದಾರಿಯಲ್ಲ. ಬೆಟ್ಟದ ಬುಡದ ಹೋಪ್‌ಟೌನ್‌ನಲ್ಲಿ 1872ರ ಫೆಬ್ರವರಿ 8ರಂದು ಕೈದಿ ಶೇರ್ ಅಲಿ ಅಫ್ರಿದಿ ವೈಸರಾಯ್ ಲಾರ್ಡ್ ಮೇಯೊನನ್ನು ಇರಿದು ಕೊಂದ. 1891ರ ಯುದ್ಧದ ನಂತರ ಮಣಿಪುರದ ರಾಜ ಕುಲಚಂದ್ರ ಸಿಂಗ್ ಮತ್ತು ಅವರ ಸಂಗಡಿಗರನ್ನು ಗಡೀಪಾರು ಮಾಡಿ ಈ ಬೆಟ್ಟದಲ್ಲಿ ಇರಿಸಲಾಗಿತ್ತು, ಹೊಸ ಹೆಸರು ಬಂದದ್ದು ಅದರಿಂದ. ಈ ಎರಡು ಸಂಗತಿಗಳನ್ನು ಮಕ್ಕಳಿಗೆ ಮೊದಲೇ ಹೇಳಿದ್ದರಿಂದ ಸೆಲ್ಯುಲರ್ ಜೈಲನ್ನು ನೋಡುವಾಗ ಅವರ ಪ್ರಶ್ನೆಗಳು ಬೇರೆಯೇ ಆಗಿದ್ದವು.

ಸೆಲ್ಯುಲರ್ ಜೈಲಿನ ಬಗ್ಗೆ ಒಂದೇ ಮಾತು. 1906ರಲ್ಲಿ ಮುಗಿದ ಆ ಕಟ್ಟಡದ ಏಳು ಸಾಲುಗಳಲ್ಲಿ ಮೂರಷ್ಟೇ ಉಳಿದಿವೆ. ಮೆಟ್ಟಿಲುಗಳು ಹೆಚ್ಚಿರುವುದರಿಂದ ಹಿರಿಯರೊಂದಿಗೆ ಬೆಳಗ್ಗೆ ತಂಪಿನಲ್ಲೇ ನೋಡಿ ಮುಗಿಸಿ. ಎದುರಿನ ರಾಸ್ ದ್ವೀಪ, ಈಗಿನ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ, ನಡಿಗೆಗೆ ಬಹಳ ಅನುಕೂಲ. 1941ರ ಭೂಕಂಪದವರೆಗೂ ಬ್ರಿಟಿಷರ ಆಡಳಿತ ಕೇಂದ್ರವಾಗಿದ್ದ ಅಲ್ಲಿನ ಚರ್ಚು, ಬಂಗಲೆಗಳ ಗೋಡೆಗಳನ್ನು ಈಗ ಆಲದ ಜಾತಿಯ ಮರಗಳ ಬೇರುಗಳು ಅಪ್ಪಿ ಹಿಡಿದಿವೆ. ಜಿಂಕೆಗಳು ಕೈಯಳತೆಯಲ್ಲೇ ಓಡಾಡುತ್ತವೆ, ತಿಂಡಿ ಕೊಡಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಡಬೇಕು. ನಡೆಯಲಾಗದವರಿಗೆ ಬ್ಯಾಟರಿ ಗಾಡಿಯಿದೆ.

ಶಹೀದ್ ದ್ವೀಪ ಹೆಚ್ಚುಕಡಿಮೆ ಸಮತಟ್ಟಾದ ಪುಟ್ಟ ಊರು. ತರಕಾರಿ ಗದ್ದೆಗಳ ನಡುವೆ ಬಾಡಿಗೆ ಸೈಕಲ್ಲಿನಲ್ಲಿ ಇಡೀ ದ್ವೀಪವನ್ನು ಸುತ್ತಬಹುದು. ಸಸ್ಯಾಹಾರಿಯಾದ ಅತ್ತೆಯವರು ನೆಮ್ಮದಿಯಿಂದ ಉಂಡದ್ದು ಇಲ್ಲಿಯೇ: ಬೆಂಡೆ, ಬದನೆ, ಕುಂಬಳ ಎಲ್ಲವೂ ಅಲ್ಲೇ ಬೆಳೆದವು. ಆದರೆ ಲಕ್ಷ್ಮಣಪುರದ ಎರಡನೇ ತೀರದಲ್ಲಿರುವ ಕಲ್ಲಿನ ಸಹಜ ಸೇತುವೆಗೆ ಹೋಗಬೇಕಾದರೆ ಗಡಿಯಾರವನ್ನಲ್ಲ, ಪಂಚಾಂಗವನ್ನು ನೋಡಬೇಕು. ಅಲ್ಲಿಗೆ ದಾರಿ ಹವಳದ ಬಂಡೆಗಳ ಮೇಲೆ. ನೀರು ಇಳಿದಾಗ ಮಾತ್ರ ತೆರೆದುಕೊಳ್ಳುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಳಿತ ಆಳವಾಗಿರುತ್ತದೆ, ಅದರ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ನಾವು ಹೋದದ್ದು ಹುಣ್ಣಿಮೆಯ ಹಿಂದಿನ ದಿನ; ಮಧ್ಯಾಹ್ನ ಮೂರರ ಹೊತ್ತಿಗೆ ನೀರು ಪೂರ್ತಿ ಇಳಿದು, ಬಂಡೆಗಳ ನಡುವಿನ ಗುಂಡಿಗಳಲ್ಲಿ ಸಮುದ್ರ ಸೌತೆ, ನಕ್ಷತ್ರ ಮೀನು, ಏಡಿಗಳು ಕಂಡವು. ಊರಿನ ಮಾರ್ಗದರ್ಶಿಯೊಬ್ಬರನ್ನು ಜೊತೆಗಿಟ್ಟುಕೊಂಡದ್ದರಿಂದ ಯಾವುದನ್ನು ಮುಟ್ಟಬಾರದೆಂದು ಮಕ್ಕಳಿಗೆ ತಿಳಿಯಿತು. ಬಂಡೆ ಬಹಳ ಜಾರುತ್ತದೆ, ಹವಳ ಕಾಲನ್ನು ಕೊಯ್ಯುತ್ತದೆ. ಹವಾಯಿ ಚಪ್ಪಲಿಯಲ್ಲಿ ಖಂಡಿತ ಹೋಗಬೇಡಿ. ಅತ್ತೆಯವರು ಮರಳಿನ ಮೇಲೆಯೇ ಉಳಿದು, ಮರುದಿನ ಭರತ್‌ಪುರದಲ್ಲಿ ಗಾಜಿನ ತಳದ ದೋಣಿಯಿಂದ ಹವಳಗಳನ್ನು ನೋಡಿ ತೃಪ್ತಿಪಟ್ಟರು.

ಸ್ವರಾಜ್ ದ್ವೀಪದ ಎಲಿಫೆಂಟ್ ಬೀಚ್ ದಾರಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ನಾನು ತಪ್ಪು ಮಾಡಿದ್ದೂ ಅಲ್ಲಿಯೇ. ರಾಧಾನಗರಕ್ಕೆ ಹೋಗುವ ರಸ್ತೆಯಿಂದ ಕವಲೊಡೆಯುವ ಈ ದಾರಿ ಸುಮಾರು ಎರಡು ಕಿಲೋಮೀಟರ್. ಮೊದಲು ಕಾಡಿನಲ್ಲಿ ಇಳಿದು, ಕೊನೆಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಸರನ್ನು ದಾಟಿ ತೀರಕ್ಕೆ ಸೇರುತ್ತದೆ. ಅದೇ ತೀರಕ್ಕೆ ಹಡಗುಕಟ್ಟೆಯಿಂದ ದೋಣಿಯೂ ಇರುವುದರಿಂದ ನಾವು ಎರಡು ಪಂಗಡವಾದೆವು: ಅತ್ತೆಯವರು ನನ್ನ ಗಂಡನೊಂದಿಗೆ ದೋಣಿಯಲ್ಲಿ, ನಾನು ಮಕ್ಕಳು ಮತ್ತು ಮಾರ್ಗದರ್ಶಿಯೊಂದಿಗೆ ಕಾಲ್ನಡಿಗೆಯಲ್ಲಿ. ಯಾರೂ ಯಾರಿಗಾಗಿಯೂ ಮನಸ್ಸಿಲ್ಲದೆ ನಡೆಯಬೇಕಾಗದ ಈ ಏರ್ಪಾಡನ್ನು ಮೂರು ತಲೆಮಾರು ಒಟ್ಟಿಗೆ ಹೋಗುವ ಎಲ್ಲರಿಗೂ ಸೂಚಿಸುತ್ತೇನೆ. ಬೆಳಗ್ಗೆ ಆರೂವರೆಗೆ ಹೊರಟಾಗ ನೀರು ಇಳಿದಿತ್ತು, ಕೆಸರು ಹಿಮ್ಮಡಿಯಷ್ಟೇ. 2004ರ ಸುನಾಮಿಯಲ್ಲಿ ಉರುಳಿದ ಬಿಳಿಚಿದ ಮರಗಳ ನಡುವೆ ಮಕ್ಕಳು ನೀರಾಟದಲ್ಲಿ ಮೈಮರೆತರು, ಸ್ನಾರ್ಕೆಲ್ ಹಾಕಿಕೊಂಡ ಮಗಳು ಗಿಳಿಬಣ್ಣದ ಮೀನುಗಳನ್ನು ಎಣಿಸುತ್ತಾ ಹೊರಬರಲೇ ಒಪ್ಪಲಿಲ್ಲ, ನಾನೂ ಅವಸರಿಸಲಿಲ್ಲ. ಹನ್ನೊಂದಕ್ಕೆ ಮರಳುವಾಗ ಅದೇ ಕಾಂಡ್ಲಾ ಜಾಗದಲ್ಲಿ ಏರುನೀರು ಮಗನ ತೊಡೆಯವರೆಗೆ ಬಂದಿತ್ತು. ಮಾರ್ಗದರ್ಶಿ ಅವನನ್ನು ಹೆಗಲ ಮೇಲೆ ಹೊತ್ತು ದಾಟಿಸಿದರು. ಉಪ್ಪುನೀರಿನ ಮೊಸಳೆಗಳಿರುವ ದ್ವೀಪದಲ್ಲಿ ಕಾಂಡ್ಲಾ ನೀರಿನೊಳಗೆ ಮಗುವನ್ನು ಇಳಿಸಬೇಕಾಗಿ ಬಂದದ್ದು ನನಗೆ ಈಗಲೂ ಅಳುಕು ಹುಟ್ಟಿಸುತ್ತದೆ. ಹೋಗುವ ಹೊತ್ತಿನಷ್ಟೇ ಮರಳುವ ಹೊತ್ತಿನ ನೀರಿನ ಮಟ್ಟವನ್ನೂ ಕೇಳಿ ತಿಳಿದುಕೊಳ್ಳಿ. ದಾರಿ ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ.

ರಾಧಾನಗರದ ತೀರ ವಿಶಾಲವೂ ಶುಚಿಯೂ ಆಗಿದೆ, ಸೂರ್ಯಾಸ್ತಕ್ಕೆ ನಾಲ್ಕು ಗಂಟೆಗೇ ಹೋಗಿ ಕೂರಬೇಕು. ಆದರೆ ಅದರ ಪಕ್ಕದ ನೀಲ್ಸ್ ಕೋವ್ ಬಳಿ 2010ರಲ್ಲಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾಗಿದ್ದಾರೆ. ನೋಡಲು ಎಷ್ಟೇ ಶಾಂತವಾಗಿದ್ದರೂ ಅಲ್ಲಿನ ನೀರಿಗೆ ಇಳಿಯಬೇಡಿ. ತೀರದ ಸಣ್ಣ ಮರಳುನೊಣಗಳ ಕಡಿತ ದಿನಗಟ್ಟಲೆ ತುರಿಸುತ್ತದೆ. ಮನೆಯಿಂದ ಒಯ್ದಿದ್ದ ತೆಂಗಿನೆಣ್ಣೆಯನ್ನು ಕಾಲಿಗೆ ಹಚ್ಚಿದ ದಿನ ಕಡಿತ ಕಡಿಮೆಯಾಗಿತ್ತು.

ಕೊನೆಯ ನಡಿಗೆ ಶ್ರೀ ವಿಜಯಪುರಂನಿಂದ ಸುಮಾರು 25 ಕಿಲೋಮೀಟರ್ ದಕ್ಷಿಣದ ಚಿಡಿಯಾ ಟಾಪುವಿನಲ್ಲಿರುವ ಮುಂಡಾ ಪಹಾಡ್. ಕಡಲ ಬದಿಯ ಕಾಡಿನೊಳಗೆ ಒಂದೂವರೆ ಕಿಲೋಮೀಟರಿನಷ್ಟು ನಡೆದರೆ ಬಂಡೆಯಂಚಿನಿಂದ ತೆರೆದ ಸಮುದ್ರ ಕಾಣುತ್ತದೆ; ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ. ನಮ್ಮ ಚಾಲಕರು ಮಲಯಾಳ ಮಾತನಾಡಿದ್ದನ್ನು ಕೇಳಿ ಅತ್ತೆಯವರಿಗೆ ಊರಿಗೇ ಬಂದಂತಾಯಿತು. 1921ರ ಮಲಬಾರ್ ದಂಗೆಯ ನಂತರ ಗಡೀಪಾರಾದ ಮಾಪಿಳ್ಳೆಯರು ನೆಲೆನಿಂತ ಊರುಗಳಿಗೆ ವಂಡೂರು, ಮಂಜೇರಿ, ಕ್ಯಾಲಿಕಟ್ ಎಂದು ತವರಿನ ಹೆಸರುಗಳನ್ನೇ ಇಟ್ಟಿದ್ದಾರೆ. ನಮ್ಮ ಗಡಿನಾಡಿನವರಿಗೆ ಹಿಂದಿ ಬಾರದಿದ್ದರೂ ಈ ಭಾಷೆ ಅಲ್ಲಿ ಕೈಹಿಡಿಯುತ್ತದೆ. ಸಿಪ್ಪಿಘಾಟ್ ಬಳಿ ಸುನಾಮಿಯಲ್ಲಿ ನೆಲ ಕುಸಿದು ಕಡಲ ನೀರು ನುಗ್ಗಿದ ಗದ್ದೆಗಳನ್ನು ಕೃಷಿಕರಾದ ನಾವು ಮೌನವಾಗಿ ನೋಡಿದೆವು.

ಬಾರಾತಾಂಗ್ ದ್ವೀಪದ ಸುಣ್ಣದ ಕಲ್ಲಿನ ಗುಹೆಗೆ ನಾವು ಹೋಗಲಿಲ್ಲ. ಅಲ್ಲಿಗೆ ಸಾಮಾನ್ಯವಾಗಿ ಕರೆದೊಯ್ಯುವ ಅಂಡಮಾನ್ ಟ್ರಂಕ್ ರಸ್ತೆ ದ್ವೀಪದ ಮೂಲನಿವಾಸಿಗಳಾದ ಜಾರವ ಜನರ ಮೀಸಲು ಕಾಡಿನ ಮೂಲಕ ಸಾಗುತ್ತದೆ. ಅಲ್ಲಿ ವಾಹನ ನಿಲ್ಲಿಸುವುದಾಗಲಿ, ಚಿತ್ರ ತೆಗೆಯುವುದಾಗಲಿ ನಿಷಿದ್ಧ. ಗುಹೆಗಾಗಿ ಆ ಜನರ ಮನೆಯಂಗಳವನ್ನು ಸಾಲುಗಟ್ಟಿದ ವಾಹನಗಳಲ್ಲಿ ದಾಟುವುದು ಬೇಡವೆಂದು ನಾನು ಮತ್ತು ನನ್ನ ಗಂಡ ನಿರ್ಧರಿಸಿ, ಕಾರಣವನ್ನು ಮಕ್ಕಳಿಗೂ ವಿವರಿಸಿದೆವು. ಉಳಿದ ದಿನವನ್ನು ಚಾತಮ್‌ನ ಹಳೆಯ ಮರದ ಕಾರ್ಖಾನೆ ಮತ್ತು ಸಮುದ್ರಿಕಾ ವಸ್ತುಸಂಗ್ರಹಾಲಯದಲ್ಲಿ ಕಳೆದೆವು.

ಹೊರಡುವ ಹಿಂದಿನ ರಾತ್ರಿ ಎಲ್ಲರ ಚೀಲ, ಜೇಬುಗಳನ್ನು ಖಾಲಿಮಾಡಿ ನೋಡಿ. ಹವಳದ ಒಣ ತುಂಡನ್ನೂ ದ್ವೀಪದಿಂದ ಹೊರಗೆ ಒಯ್ಯುವುದು ವನ್ಯಜೀವಿ ಕಾನೂನಿನ ಪ್ರಕಾರ ಅಪರಾಧ, ವಿಮಾನ ನಿಲ್ದಾಣದಲ್ಲಿ ತಪಾಸಣೆಯಿರುತ್ತದೆ. ಮಗನ ಚಡ್ಡಿಯ ಜೇಬಿನಲ್ಲಿ ಎರಡು ತುಂಡು ಹವಳವೂ ಒಂದು ಶಂಖವೂ ಸಿಕ್ಕವು. ಬೆಳಗ್ಗೆ ಐದೂವರೆಯ ಬೆಳಕಿನಲ್ಲಿ ಅಜ್ಜಿಯ ಕೈ ಹಿಡಿದುಕೊಂಡು ಹೋಗಿ ಅವನೇ ಅವನ್ನು ಕಡಲಿಗೆ ಹಾಕಿ ಬಂದ.